ಬಿರುಕಿನ ಮೇಲಿನ ಗಾಜು

ಬಿರುಕು ಕಿಟಕಿಯ ಮೇಲಿನ ಮೂಲೆಯಿಂದ ಹೊರಟು ಛತ್ತಿನ ಕಡೆಗೆ ಓರೆಯಾಗಿ ಏರಿತ್ತು. ಕೆಳಗೆ ಕೂದಲಿನಷ್ಟು, ಮೇಲೆ ಹೋದಂತೆ ಒಂದು ರೂಪಾಯಿ ನಾಣ್ಯದ ಅಂಚು ತೂರುವಷ್ಟು. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ, ಅಳೆದು ಬರೆದಿಟ್ಟಿದ್ದೇನೆ. ಉಳಿದದ್ದನ್ನು ನೆನಪಿನಿಂದ ಬರೆಯಬೇಕು. ಅದರ ಮೇಲೆ ನನಗೆ ಅಷ್ಟು ಭರವಸೆ ಇಲ್ಲ.

ಮನೆ ಇರುವುದು ಸಿಂದಗಿ ತಾಲ್ಲೂಕಿನಲ್ಲಿ, ಯಂಕಂಚಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಬಿರುಕು ಬಿಟ್ಟ ಆ ಖೋಲಿಯನ್ನು ಕಟ್ಟಿದವನು ನಮ್ಮಪ್ಪ. ಅವನು ಗೌಂಡಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆ ಅವನು ಕಟ್ಟಿದ ಮನೆಗಳಿವೆ. ಬಸ್ಸಿನಲ್ಲಿ ಹೋಗುವಾಗ ತೋರಿಸುತ್ತಿದ್ದ, ಅದೂ ಕೈ ಎತ್ತದೆ, ಗದ್ದ ಮುಂದೆ ಮಾಡಿ. ಆ ಮನೆಗಳೆಲ್ಲ ನೆಟ್ಟಗೆ ನಿಂತಿದ್ದವು. ಸ್ವಂತ ಮನೆಯ ಗೋಡೆ ಮಾತ್ರ ಸೀಳಿತ್ತು. ಗೌಂಡಿ ಮನಿ ಗ್ವಾಡಿನ ಬಾಯಿ ಬಿಟ್ಟೈತಿ ಎಂದು ಓಣಿಯವರು ನಗುತ್ತಿದ್ದರು. ಅಪ್ಪ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದ. ಬಿರುಕು ಬೆಳೆದಂತೆ ಕ್ಯಾಲೆಂಡರ್‌ನ ಮೊಳೆಯೂ ಮೇಲಕ್ಕೆ ಹೋಯಿತು.

ನಾನು ಆಗ ಜಿಲ್ಲಾ ಊರಿನ ಹುಡುಗಿಯರ ಹಾಸ್ಟೆಲಿನಲ್ಲಿದ್ದು ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದೆ, ಮೂರನೆಯ ವರ್ಷ. ಅಪ್ಪ ಆ ಖೋಲಿಯ ಮೇಲೆ ಇನ್ನೊಂದು ಖೋಲಿ ಏರಿಸುವ ಯೋಚನೆ ಮಾಡಿದ್ದ, ನನಗಾಗಿ. ಉತ್ತರಕ್ಕೆ ದೊಡ್ಡ ಕಿಟಕಿ, ಅದರ ಕೆಳಗೆ ನಕ್ಷೆ ತೆಗೆಯಲು ಒಂದು ಉದ್ದನೆಯ ಮೇಜು. ನಕ್ಷೆಗಳನ್ನು ಈಗ ಕಂಪ್ಯೂಟರಿನಲ್ಲಿ ತೆಗೆಯುತ್ತೇವೆ ಎಂದು ನಾನು ಅವನಿಗೆ ಹೇಳಿರಲಿಲ್ಲ. ಆ ಮೇಜನ್ನು ಅವನು ಎಷ್ಟು ಸಲ ಗಾಳಿಯಲ್ಲಿ ಕೈಯಿಂದ ಬರೆದು ತೋರಿಸಿದ್ದನೆಂದರೆ, ಹೇಳಲು ಮನಸ್ಸೇ ಬರಲಿಲ್ಲ.

ದೀಪಾವಳಿಗೆ ಮನೆಗೆ ಬಂದಾಗ ಅಪ್ಪ ಕ್ಯಾಲೆಂಡರ್ ತೆಗೆದು ಬದಿಗಿಟ್ಟು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದ.

"ಮ್ಯಾಲಿನ ಭಾರ ತಡೀತೈತೇನು ನೋಡು. ನೀ ಹೂಂ ಅಂದ್ರ ಕಟ್ಟೂದು, ಉಹೂಂ ಅಂದ್ರ ಬಿಡೂದು."

ತನ್ನ ಕಸುಬಿನ ಬಗ್ಗೆ ಅವನು ನನ್ನನ್ನು ಕೇಳಿದ್ದು ಅದೇ ಮೊದಲು. ನಾನು ವಿನಯದಿಂದ ಉತ್ತರಿಸಿದೆ ಎಂದು ಬರೆಯಬಹುದು. ಆದರೆ ನಿಜವಾಗಿ ನಾನು ಜಂಬದಿಂದ ಪಾಠ ಒಪ್ಪಿಸಿದೆ ಅನಿಸುತ್ತದೆ. ಬಿರುಕಿನಲ್ಲಿ ಎರಡು ಜಾತಿ, ಬೆಳೆಯುವುದು ನಿಂತು ಮಲಗಿದ್ದು ಮತ್ತು ಇನ್ನೂ ಬೆಳೆಯುತ್ತ ಎದ್ದದ್ದು. ಮಲಗಿದ್ದಾದರೆ ತುಂಬಿ ಗಿಲಾವು ಮಾಡಿದರೆ ಮುಗಿಯಿತು. ಎದ್ದದ್ದಾದರೆ ಅದರ ಮೇಲೆ ಒಂದು ಇಟ್ಟಂಗಿಯನ್ನೂ ಇಡಬಾರದು. ಯಾವುದೆಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಅಂಟಿಸಿ ಒಂದು ವರ್ಷ ಕಾಯಬೇಕು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ.

ಎರಡೂ ಬದಿಗೆ ಗಿಲಾವು ಕೆತ್ತಿ, ಬಿಳಿ ಸಿಮೆಂಟು ಮೆತ್ತಿ, ಪಟ್ಟಿ ಕೂಡಿಸಿದೆ. ಪಕ್ಕದಲ್ಲಿ ಗೋಡೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದೆ. ಆಯಿ ಮಂಚದ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳ ಮಂಚ ಆ ಗೋಡೆಗೇ ಹತ್ತಿಕೊಂಡಿತ್ತು. ಒಡೆದರೆ ಏನಾಗುತ್ತದೆ ಎಂದು ಅವಳು ಕೇಳಿದಳು. ನಾನು ಏನೋ ಹೇಳಿದೆ. ಏನು ಹೇಳಿದೆ ಎಂಬುದು ನೆನಪಿಲ್ಲ. ಈ ಇಡೀ ಕತೆಯಲ್ಲಿ ನೆನಪಿರಬೇಕಾಗಿದ್ದ ಮಾತು ಅದೊಂದೇ.

ವರ್ಷವಿಡೀ ಹಬ್ಬಕ್ಕೊಮ್ಮೆ ಬಂದು ಕ್ಯಾಲೆಂಡರ್ ಸರಿಸಿ ನೋಡುತ್ತಿದ್ದೆ. ಗಾಜು ಹಾಗೇ ಇರುತ್ತಿತ್ತು. ಅಳತೆ ಬರೆದಿಡುವ ಪುಸ್ತಕದಲ್ಲಿ 'ಒಡೆದಿಲ್ಲ' ಎಂದು ಬರೆಯುತ್ತಿದ್ದೆ. ಬೇಸಿಗೆಯಲ್ಲಿ ಒಡೆದಿಲ್ಲ, ಮಳೆಗಾಲದಲ್ಲಿ ಒಡೆದಿಲ್ಲ, ದಸರೆಗೆ ಒಡೆದಿಲ್ಲ. ನಮ್ಮ ಕಡೆಯ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕಾಲು ಸಿಕ್ಕುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಗೋಡೆಯ ಗಾಜು ವರ್ಷವಿಡೀ ಸುಮ್ಮನಿದೆ ಎಂದಾಗ ನಮ್ಮ ಕಾಲೇಜಿನ ಮೇಷ್ಟ್ರು ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು.

"ನಿಮ್ಮಪ್ಪ ಭಾರಿ ಗೌಂಡಿ ಇರಬೇಕು, ಇಲ್ಲಾ ನಿನ್ನ ಗಾಜು ಗಾಜಲ್ಲ."

ನಾನು ಮೊದಲನೆಯದನ್ನೇ ಹಿಡಿದುಕೊಂಡೆ. ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೂಂ ಅಂದೆ. ಅವನು, ಬಿಸಿಲು ಹೆಂಗೈತಿ ಅಲ್ಲಿ, ಎಂದು ಕೇಳಿದ.

ಮುಂದಿನ ವಾರ ಮನೆಗೆ ಹೋದಾಗ ಅಂಗಳದಲ್ಲಿ ಇಟ್ಟಂಗಿ ಇಳಿದಿದ್ದವು. ಎರಡು ದಿನ ಬಿಟ್ಟು ಕೆಲಸ ಶುರು. ನಾನು ಕೈಕಾಲು ತೊಳೆದು ಒಳಗೆ ಬಂದವಳು ಅಜ್ಜನ ಫೋಟೋ ನೋಡಿದೆ. ಅಜ್ಜ ಹೋಗಿ ಬಹಳ ವರ್ಷವಾಗಿತ್ತು. ಆಯಿ ಅಮಾವಾಸ್ಯೆಗೊಮ್ಮೆ ಫೋಟೋದ ಗಾಜು ಒರೆಸಿ ಗಂಧದ ಬೊಟ್ಟು ಇಡುತ್ತಿದ್ದಳು. ಈಗ ಬೊಟ್ಟು ಅಜ್ಜನ ಹಣೆಯ ಮೇಲೆ, ಕಾಗದಕ್ಕೇ ಹತ್ತಿತ್ತು. ಸುತ್ತಲೂ ನೀರು ಹೀರಿದ ಕಲೆ. ಚೌಕಟ್ಟಿನಲ್ಲಿ ಗಾಜು ಇರಲಿಲ್ಲ.

ನಾನು ಹೀಗೆ ಕಂಡುಹಿಡಿದೆ ಎಂದು ಬಹಳ ದಿನ ಎಲ್ಲರಿಗೂ ಹೇಳುತ್ತಿದ್ದೆ. ಅವ್ವ ಒಪ್ಪುವುದಿಲ್ಲ. ಇಟ್ಟಂಗಿಯ ಟ್ರ್ಯಾಕ್ಟರ್ ಬಂದ ದಿನದಿಂದ ಆಯಿ ಸರಿಯಾಗಿ ಉಂಡಿರಲಿಲ್ಲವಂತೆ. ನಾನು ಒಳಗೆ ಬಂದ ಕೂಡಲೇ ಅವಳೇ ನನ್ನ ಕೈ ಹಿಡಿದು ಕೂಡಿಸಿಕೊಂಡು ಎಲ್ಲ ಹೇಳಿದಳಂತೆ. ಗಂಧದ ಬೊಟ್ಟನ್ನು ನಾನು ನೋಡಿದ್ದು ನಿಜ. ಮೊದಲು ನೋಡಿದೆನೋ ಆಮೇಲೆ ನೋಡಿದೆನೋ ಗೊತ್ತಿಲ್ಲ. ಅವ್ವ ಹೇಳುವ ಹಾಗಿದ್ದರೆ ಆಯಿ ನಾನು ಬರೆದುದಕ್ಕಿಂತ ಧೈರ್ಯದವಳು. ಆದ್ದರಿಂದ ಎರಡನ್ನೂ ಇಲ್ಲಿಟ್ಟಿದ್ದೇನೆ.

ಆಯಿ ಟ್ರಂಕು ತೆರೆದು ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದು ಗಾಜಿನ ಪಟ್ಟಿ ತೆಗೆದಳು. ನಾನು ಅಂಟಿಸಿದ್ದ ಪಟ್ಟಿಯದೇ ಅಗಲ, ಅದೇ ಉದ್ದ.

"ಇದೊಂದು ಉಳದೈತಿ ನೋಡವಾ. ಮೂರು ತೀರಿದುವು."

ನನ್ನ ಗಾಜು ಹೋಳಿ ಹುಣ್ಣಿಮೆಯ ಸುಮಾರಿಗೇ ಒಡೆದಿತ್ತು. ಮಧ್ಯಾಹ್ನ ಅಡ್ಡಾಗಿದ್ದಾಗ ತಲೆಯ ಹತ್ತಿರ ಟಿಕ್ ಅಂದಿತಂತೆ. ಸಂತೆಯ ದಿನ ಆ ಚೂರುಗಳನ್ನೂ ಅಜ್ಜನ ಫೋಟೋವನ್ನೂ ಚೀಲದಲ್ಲಿ ಹಾಕಿಕೊಂಡು ದೇವರ ಹಿಪ್ಪರಗಿಗೆ ಹೋಗಿ, ಫೋಟೋ ಕಟ್ಟು ಹಾಕುವವನಿಂದ ಫೋಟೋದ ಗಾಜನ್ನು ಆ ಚೂರುಗಳ ಅಳತೆಗೆ ಸರಿಯಾಗಿ ನಾಲ್ಕು ಪಟ್ಟಿ ಮಾಡಿಸಿಕೊಂಡು ಬಂದಿದ್ದಳು. ನಾನು ಬಿಟ್ಟುಹೋಗಿದ್ದ ಬಿಳಿ ಸಿಮೆಂಟು ಮೂಲೆಯಲ್ಲೇ ಇತ್ತು, ಒಂದು ಒಡೆದಾಗಲೆಲ್ಲ ಇನ್ನೊಂದನ್ನು ಅಂಟಿಸಿದ್ದಳು. ಅಜ್ಜನೂ ಗೌಂಡಿಯೇ. ಅವನ ಹಿಂದೆ ವರ್ಷಗಟ್ಟಲೆ ಗಾರೆಯ ಬುಟ್ಟಿ ಹೊತ್ತ ಕೈ ಅವಳದು. ಮೆತ್ತಿದ್ದು ನನ್ನದಕ್ಕಿಂತ ನೀಟಾಗಿತ್ತು. ವರ್ಷವಿಡೀ ಅದನ್ನು ನೋಡಿ ನನ್ನ ಕೆಲಸವೇ ಎಂದು ಮೆಚ್ಚಿಕೊಂಡಿದ್ದೆ. ತಾರೀಖನ್ನು ಗೋಡೆಯ ಮೇಲೆ ಬರೆದಿದ್ದೆ, ಗಾಜಿನ ಮೇಲೆ ಬರೆಯಬೇಕಿತ್ತು. ಬರೆದಿದ್ದರೆ ಮೊದಲ ಸಲವೇ ತಿಳಿಯುತ್ತಿತ್ತು.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ಒಡದ್ರ ಫೇಲ್ ಅಂದಿದ್ದಿಯಲ್ಲ ನೀನು."

ಮೊದಲ ವರ್ಷ ನಾನು ಗಣಿತದಲ್ಲಿ ಫೇಲಾಗಿ ಬಂದು ಇದೇ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಆಯಿಗೆ ಇಂಗ್ಲಿಷಿನಲ್ಲಿ ಗೊತ್ತಿದ್ದ ಮಾತು ಪಾಸು, ಫೇಲು, ಅಷ್ಟೇ. ಗಾಜನ್ನು ಅವಳು ನನ್ನ ಪರೀಕ್ಷೆ ಎಂದುಕೊಂಡಿದ್ದಳು. ಒಡೆದರೆ ಗೋಡೆ ಫೇಲ್ ಎಂದು ನಾನು ಹೇಳಿರಬಹುದು. ನಗೆಗೆ ಹೇಳಿರಲೂಬಹುದು.

ಅಪ್ಪ ಹಿತ್ತಲಲ್ಲಿ ಉಸುಕು ಸಾಣಿಸುತ್ತಿದ್ದ. ನಾನು ಹೋಗಿ ಎಲ್ಲ ಹೇಳಿದೆ, ಬಿರುಕು ಎದ್ದೇ ಇದೆ, ನಾನು ಅಂದ ಹೂಂ ಸುಳ್ಳು ಎಂದೂ ಹೇಳಿದೆ. ಅವನು ಜರಡಿ ಕೆಳಗಿಟ್ಟ. ಗುದ್ದಲಿ ತೆಗೆದುಕೊಂಡು ಗೋಡೆಯ ಹೊರಗಿನ ಬುಡದಲ್ಲಿ ಅಗೆಯತೊಡಗಿದ. ಎದೆಯ ಮಟ್ಟಕ್ಕೆ ಇಳಿದಾಗ ಪಾಯದ ಕೊನೆಯ ಕಲ್ಲು ಕಂಡಿತು. ಅದರ ಕೆಳಗೂ ಕಪ್ಪು ಎರಿಯೇ. ಎರಿಯ ಕೆಳಗೆ ಗಟ್ಟಿ ಗರಸು, ಅಂದರೆ ಕಲ್ಲುಮಣ್ಣು, ಸಿಗುವವರೆಗೆ ತೋಡಬೇಕೆಂಬುದು ನಮ್ಮ ಕಡೆಯ ಎಲ್ಲ ಗೌಂಡಿಗಳಿಗೂ ಗೊತ್ತು. ಅವನು ಆ ಮಣ್ಣನ್ನು ಬೆರಳುಗಳ ನಡುವೆ ತಿಕ್ಕಿ ನನ್ನ ಅಂಗೈಗೆ ಹಾಕಿದ. ತಣ್ಣಗಿತ್ತು.

ನೀನು ಹುಟ್ಟಿದ ವರ್ಷದ ಮಾತು ಎಂದ. ಮಳೆ ಹತ್ತಿರ ಬಂದಿತ್ತು. ಬಾಣಂತಿ ತವರಿನಿಂದ ಬರುವುದರೊಳಗೆ ಛತ್ತು ಹಾಕಿ ಮುಗಿಸಬೇಕಿತ್ತು. ಗರಸಿನ ದಾರಿ ಕಾಯದೆ ನಡುವೆಯೇ ಕಲ್ಲು ಇಟ್ಟುಬಿಟ್ಟೆ, ಅಂದ.

ಹಾಗಾದರೆ ಗೊತ್ತಿದ್ದೂ ಇಟ್ಟಂಗಿ ಯಾಕೆ ತರಿಸಿದೆ ಎಂದೆ. ಗುಂಡಿಯೊಳಗೆ ನಿಂತೇ ಅವನು ಗುದ್ದಲಿಯ ಕಾವನ್ನು ನೋಡುತ್ತ ಹೇಳಿದ:

"ನೀ ಹೂಂ ಅಂದಿದ್ದಕ, ಎಲ್ಲ್ಯರ ನಂದ ಸರಿ ಐತೋ ಏನೋ ಅನಿಸಿತು."

ಇದನ್ನು ಇಲ್ಲಿಗೇ ನಿಲ್ಲಿಸಿದರೆ ಚೆಂದ ಕಾಣುತ್ತದೆ. ಆದರೆ ಆಮೇಲೊಮ್ಮೆ ಅವ್ವನನ್ನು ಕೇಳಿದಾಗ, ಆ ಖೋಲಿ ಕಟ್ಟುವಾಗ ನಾನು ಎರಡು ವರ್ಷದವಳಾಗಿದ್ದೆ, ಉಸುಕಿನಲ್ಲಿ ಆಡಿ ಬಾಯಿಗೆಲ್ಲ ಉಸುಕು ಹಾಕಿಕೊಳ್ಳುತ್ತಿದ್ದೆ ಎಂದಳು. ಬಾಣಂತಿಯ ಮಾತು ಅಪ್ಪನಿಗೆ ಎಲ್ಲಿಂದ ಬಂತೋ. ಅವನು ಸುಳ್ಳು ಹೇಳಿದ ಎಂದು ನನಗೆ ಅನಿಸುವುದಿಲ್ಲ. ಕ್ಯಾಲೆಂಡರಿನ ಹಿಂದಿನ ಬಿರುಕನ್ನು ಅಷ್ಟು ವರ್ಷ ನೋಡುತ್ತ ನೋಡುತ್ತ ಅವನಿಗೆ ಒಂದು ಕಾರಣ ಬೇಕಾಗಿರಬೇಕು.

ಮೇಲಿನ ಖೋಲಿ ಆಗಲಿಲ್ಲ. ಆ ಇಟ್ಟಂಗಿಯಲ್ಲೇ ಹಿತ್ತಲಲ್ಲಿ ಬೇರೊಂದು ಖೋಲಿ ಹಾಕುವುದೆಂದಾಯಿತು. ಪಾಯ ತೋಡುವ ದಿನ ಅಪ್ಪ ಟೇಪನ್ನು ನನ್ನ ಕೈಗೆ ಕೊಟ್ಟು ತಾನು ಒಳಗಿಳಿದ. ತಲೆ ಮುಳುಗುವಷ್ಟು ಹೋದ ಮೇಲೆ ಗುದ್ದಲಿಯ ಸಪ್ಪಳ ಬದಲಾಯಿತು. ಮುಖ ಮೇಲೆತ್ತಿ ಕೇಳಿದ:

"ಸಾಕೇನ್ರಿ ಇಂಜಿನೇರ್ ಬಾಯಾರ, ಇಲ್ಲಾ ಪಾತಾಳ ನೋಡೂಣೋ?"

ನಾನೂ ಒಳಗಿಳಿದು, ಕೆಂಪು ಗರಸನ್ನು ಕೈಯಿಂದ ಮುಟ್ಟಿ ನೋಡಿ, ಇನ್ನೊಂದು ಗೇಣು ಎಂದೆ. ಅವನು ಇನ್ನೊಂದು ಗೇಣು ತೋಡಿದ.

ಖೋಲಿ ಮುಗಿದ ಮೇಲೆ ಆಯಿಯ ಮಂಚ ಅಲ್ಲಿಗೆ ಹೋಯಿತು. ನಕ್ಷೆಯ ಮೇಜು ಬರಲಿಲ್ಲ, ಕಂಪ್ಯೂಟರಿನ ವಿಷಯ ಅಷ್ಟರಲ್ಲಿ ಹೇಳಿದ್ದೆ. ಉಳಿದಿದ್ದ ಒಂದು ಗಾಜನ್ನು ಹಳೆಯ ಬಿರುಕಿಗೆ ನಾನೂ ಆಯಿಯೂ ಕೂಡಿ ಅಂಟಿಸಿದೆವು. ಸಿಮೆಂಟು ಮೆತ್ತಿದವಳು ಆಯಿ. ತಾರೀಖನ್ನು ಈ ಸಲ ಗಾಜಿನ ಮೇಲೆಯೇ ಬರೆದೆ. ಇದು ಒಡೆದರೆ ಯಾರೂ ಫೇಲ್ ಅಲ್ಲ, ಒಡೆದರೆ ನಾನು ಬರೆಯುವುದು ಖರೆ ಆಗುತ್ತದೆ, ಅಷ್ಟೇ ಎಂದು ತಿಳಿಸಿ ಹೇಳಿದೆ. ಅವಳು ಸಿಮೆಂಟಿನ ಕೈ ಒರೆಸಿಕೊಂಡು ಕೇಳಿದಳು:

"ಅಂದ್ರ ಒಡೀಬೇಕೇನು ಈಗ?"

ಒಡೆದರೆ ಒಡೆಯಲಿ ಎಂದೆ.

ಕೊನೆಯ ವರ್ಷದ ಪರೀಕ್ಷೆಯ ಕೊನೆಯ ದಿನ, ಬೆಳಿಗ್ಗೆ ನಾನು ಹೊರಡುವಾಗ ಅವ್ವನ ಫೋನಿನಿಂದ ಆಯಿ ಮಾತಾಡಿದಳು. ಒಡೀತವಾ, ಎಂದಳು. ದನಿಯಲ್ಲಿ ಸಂಭ್ರಮ.

ಊರಿಗೆ ಬಂದು ಕ್ಯಾಲೆಂಡರ್ ಸರಿಸಿದೆ. ಗಾಜು ಒಡೆದಿತ್ತು. ಬಿರುಕಿನ ನೇರಕ್ಕಲ್ಲ, ಅದರಿಂದ ಎರಡು ಬೆರಳು ಈಚೆಗೆ. ಅಲ್ಲೊಂದು ಸಣ್ಣ ನಕ್ಷತ್ರದಂಥ ಗುರುತು, ಯಾವುದೋ ಗಟ್ಟಿ ವಸ್ತು ಬಡಿದ ಹಾಗೆ. ಆಯಿ ಬಾಗಿಲಲ್ಲಿ ನಿಂತು ಅಡಕತ್ತರಿಯಿಂದ ಅಡಿಕೆ ಕತ್ತರಿಸುತ್ತಿದ್ದಳು. ಗೋಡೆಯೂ ಸರಿದಿರಬಹುದು. ಇಲ್ಲ ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ಪುಸ್ತಕ ತೆಗೆದು 'ಒಡೆದಿದೆ' ಎಂದು ಬರೆದೆ. ಪಕ್ಕದಲ್ಲಿ ಕಾರಣ ಬರೆಯುವ ಜಾಗ ಇವತ್ತಿಗೂ ಖಾಲಿ ಇದೆ.

"ಪಾಸ್ ಹೌದಲ್ಲ?" ಎಂದು ಕೇಳಿದಳು.

ಫಲಿತಾಂಶ ಬರಲು ಇನ್ನೂ ಒಂದು ತಿಂಗಳಿತ್ತು. ಹೂಂ ಅಂದೆ.