ಗಿರಿಜತ್ತೆಯ ಎರಡನೇ ಡೋಸ್

ಲಸಿಕೆ ಹಾಕುವ ಕೋಣೆಯಲ್ಲಿ ಗಿರಿಜತ್ತೆ ಮಗುವಿನ ಕಾರ್ಡನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಲ್ಲುತ್ತಿದ್ದರು. ನರ್ಸ್ ಕೈಚಾಚಿದರೂ ಕೊಡುತ್ತಿರಲಿಲ್ಲ. ಸೂಜಿ ಚುಚ್ಚಿ, ಮಗು ಕಿರುಚಿ, ಹತ್ತಿ ಒತ್ತಿದ ಮೇಲೆಯೇ ಕಾರ್ಡು ಮೇಜಿಗೆ ಬರುತ್ತಿತ್ತು.

“ಮೊದಲೇ ಬರ್ಕೊಂಡ್ರೆ ಏನಾಗುತ್ತಮ್ಮ? ಕ್ಯೂ ನೋಡಿ ಎಷ್ಟಿದೆ” ಎಂದು ನರ್ಸ್ ರೇಗಿದರೆ ಅತ್ತೆ ಜಗ್ಗುತ್ತಿರಲಿಲ್ಲ.

“ಕ್ಯೂ ಇರ್ಲಿ ಕಣಮ್ಮ. ಕೂಸು ಅತ್ತಿದ್ದು ಕೇಳಿಸ್ಲಿ, ಆಮೇಲೆ ಬರ್ಕೊಳ್ಳೀರಂತೆ.”

ಅವರು ನನ್ನ ತಂದೆಯ ತಂಗಿ. ಮನೆ ಕುಂಬಾರಕೊಪ್ಪಲಿನಲ್ಲಿ, ಮಾವನಿಗೆ ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿಯ ಅಂಗಡಿ. ನಮ್ಮ ಕುಟುಂಬದಲ್ಲಿ ಯಾವ ಮಗು ಹುಟ್ಟಿದರೂ ಲಸಿಕೆಯ ದಿನಗಳನ್ನು ಬರೆಯುವ ತಾಯಿ ಕಾರ್ಡಿನ ಒಂದು ಜೆರಾಕ್ಸ್ ಅತ್ತೆಯ ಮನೆ ಸೇರುತ್ತಿತ್ತು. ದಿನ ತಪ್ಪಿದರೆ ಫೋನು. “ಏನೋ, ಪೇಪರ್‌ನಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ. ನಿನ್ನ ಮಗಳ ಬೂಸ್ಟರ್ ಯಾರು ಹಾಕಿಸ್ಬೇಕು, ನಿಮ್ಮ ಎಡಿಟರ್ರಾ?” ನನ್ನ ಅಣ್ಣ ಅವರಿಗೆ ಜಿಲ್ಲಾ ಆರೋಗ್ಯಾಧಿಕಾರಿ ಎಂದು ಹೆಸರಿಟ್ಟಿದ್ದ.

ಒಮ್ಮೆ ನನ್ನ ಮಗಳ ಕಾರ್ಡು ಹರಿಯಬಾರದೆಂದು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದರು. ಮುಂದಿನ ಸಲ ನರ್ಸಿನ ಪೆನ್ನು ಪ್ಲಾಸ್ಟಿಕ್ ಮೇಲೆ ಜಾರಿತು. “ಅಜ್ಜಿ, ಇದನ್ನ ಗೋಡೆಗೆ ನೇತಾಕಿ, ಹೂವ ಮುಡ್ಸಿ. ಬರೆಯೋಕೆ ಬೇರೆ ತನ್ನಿ” ಎಂದರು ಆಕೆ. ಕೋಣೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಸಂಜೆ ಬ್ಲೇಡು ಹಿಡಿದು, ಉಸಿರು ಬಿಗಿಹಿಡಿದು, ಪ್ಲಾಸ್ಟಿಕ್ಕಿನ ಅಂಚು ಕೊಯ್ಯುತ್ತ ಕುಳಿತಿದ್ದರು. ಕಾರ್ಡು ಅರ್ಧ ಹರಿದೇ ಹೊರಬಂತು.

ದಡಾರ ಲಸಿಕೆಯ ಬಗ್ಗೆ ಒಂದು ವರದಿ ಬರೆಯಬೇಕಾಗಿದ್ದಾಗ ಅವರ ಮನೆಗೆ ಹೋಗಿದ್ದೆ. ಅವರೆಕಾಯಿ ಸುಲಿಯುತ್ತಿದ್ದರು. ಸೂಜಿಗೆ ಮುಂಚೆ ಕಾರ್ಡು ಯಾಕೆ ಕೊಡುವುದಿಲ್ಲ ಎಂದು ಕೇಳಿದೆ. ಅವರಿಗೆ ಭಾಗ್ಯ ಎಂಬ ಮಗಳಿದ್ದು, ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಹೇಗೆಂದು ಯಾರೂ ಹೇಳಿರಲಿಲ್ಲ.

“ದಡಾರದ ಸೂಜಿಗೆ ಕರ್ಕೊಂಡೋಗಿದ್ದೆ. ಜ್ವರ ಐತೆ, ಮುಂದಿನ ವಾರ ಬನ್ನಿ ಅಂದ್ರು ಸಿಸ್ಟರ್. ಮನೆ ಕೆಲ್ಸ ಬುಟ್ಟು ಹೋಗ್ತಾಳೆ ಅಂತ ನಮ್ಮತ್ತೆ ಮೊದಲೇ ಬೈತಿದ್ರು. ಬರಿಗೈಲಿ ಎಂಗೆ ಹೋಗ್ಲಿ? ‘ಹೆಂಗೂ ಬರ್ತೀನಲ್ಲ, ಈಗ್ಲೇ ಹಾಕಿದ್ದು ಅಂತ ಬರ್ದುಬುಡಿ ಸಿಸ್ಟರ್’ ಅಂತ ನಾನೇ ಗೋಗರೆದೆ. ಪಾಪ, ಬರ್ದುಬುಟ್ರು.”

“ಮುಂದಿನ ವಾರ ಹೋಗ್ಲಿಲ್ವಾ ಅತ್ತೆ?”

“ಎಂಗೋ ಹೋಗೋದು? ಮನೇಲಿ ಕಾರ್ಡು ತೋರ್ಸಿದ್ನಲ್ಲ. ಆಗೋಗಿರೋ ಸೂಜಿಗೆ ಇನ್ನೊಂದ್ಸಲ ಹೋಗ್ತೀನಿ ಅಂತ ಯಾವ ಬಾಯಲ್ಲಿ ಕೇಳ್ಲಿ?”

ವರ್ಷ ಕಳೆಯುವಷ್ಟರಲ್ಲಿ ಬೀದಿಗೆ ದಡಾರ ಬಂತು, ಭಾಗ್ಯಳಿಗೂ ಜ್ವರ ಹತ್ತಿತು. ಡಾಕ್ಟರು ಕಾರ್ಡು ನೋಡಿ, ಹಾಕಿಸಿದ್ದೀರಲ್ಲ, ಇದು ಬೇರೆ ಜ್ವರ ಇರಬೇಕು ಎಂದು ಔಷಧಿ ಕೊಟ್ಟು ಕಳಿಸಿದರು. “ನಮ್ಮತ್ತೆ ಪಕ್ಕದಲ್ಲೇ ನಿಂತಿದ್ರು. ನಾನು ಬಾಯಿ ಬುಡ್ಲಿಲ್ಲ ಕಣೋ. ಆಸ್ಪತ್ರೆ ಮೆಟ್ಟಿಲು ಇಳಿದು ಬಂದ್ಬುಟ್ಟೆ.” ಅಷ್ಟು ಹೇಳಿ ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಆ ವರದಿಯಲ್ಲಿ ಇದು ಬರಲಿಲ್ಲ.

ಕೊರೊನಾ ಲಸಿಕೆ ಬಂದಾಗ ಅವರ ನೋಂದಣಿ ನನ್ನ ಮೊಬೈಲ್ ನಂಬರಿನಲ್ಲೇ ಆಯಿತು. ಮೊದಲ ಡೋಸ್ ಹಾಕಿಸಿಕೊಂಡು, ಕಂಪ್ಯೂಟರ್ ಮುಂದೆ ಕೂತಿದ್ದವರಿಗೆ ರವಿಕೆಯ ತೋಳು ಸರಿಸಿ ಹತ್ತಿ ತೋರಿಸಿದರು. “ನೋಡ್ಕೊಂಡ್ರಾ? ಈಗ ಒತ್ತಿ.”

ಎರಡನೆಯದರ ದಿನ ಬರುವ ಮೊದಲೇ ಅತ್ತೆ ಜ್ವರ ಬಂದು ಆಸ್ಪತ್ರೆ ಸೇರಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನರ್ಸ್ ಒಬ್ಬರು ತಮ್ಮ ಫೋನಿನಿಂದ ನನಗೆ ಕರೆ ಮಾಡಿ ಅವರ ಕೈಗೆ ಕೊಟ್ಟರು. ಏದುಸಿರಿನ ನಡುವೆ ಅತ್ತೆ ಕೇಳಿದ್ದು ಒಂದೇ.

“ಎರಡನೇದು ತಪ್ಪೋಯ್ತಲ್ಲೋ. ಅಲ್ಲಿ ಏನಂತ ಬರ್ಕೊಂಡವ್ರೆ?”

“ಬಾಕಿ ಅಂತ ಇದೆ ಅತ್ತೆ.”

“ಅಂಗೇ ಇರ್ಲಿ. ಯಾರ್ಗೂ ಬೇರೆ ಬರೆಯಕ್ಕೆ ಬುಡ್ಬೇಡ.”

ಅದೇ ಅವರೊಂದಿಗೆ ಆಡಿದ ಕೊನೆಯ ಮಾತು. ಮಾವ ಮುಖ ನೋಡಿದ್ದು ದೂರದಿಂದ, ಪ್ಲಾಸ್ಟಿಕ್ ಹೊದಿಕೆಯ ಮೂಲಕ.

ಕೆಲವು ತಿಂಗಳ ನಂತರ, ಕಚೇರಿಯಲ್ಲಿ ಪುಟ ಮುಗಿಸುತ್ತಿದ್ದಾಗ ಮೆಸೇಜ್ ಬಂತು. ಗಿರಿಜಮ್ಮ ಅವರಿಗೆ ಎರಡನೇ ಡೋಸ್ ಯಶಸ್ವಿಯಾಗಿ ನೀಡಲಾಗಿದೆ, ಪ್ರಮಾಣಪತ್ರ ಪಡೆದುಕೊಳ್ಳಿ. ಪಕ್ಕದ ಕುರ್ಚಿಯ ಗೆಳೆಯ ಇಣುಕಿದ. “ಸತ್ತವರಿಗೂ ಸೂಜಿ! ಪುಟದ ಮೂಲೆಗೆ ಒಳ್ಳೇ ಬಾಕ್ಸ್ ಐಟಂ ಕಣೋ, ಬರಿ.” ನಾನು ಫೋನು ಮಗುಚಿಟ್ಟೆ. ಯಾರ ಮನೆಯ ಸುದ್ದಿ ಎಂದು ತಿಳಿದ ಮೇಲೆ ಅವನೇ ಎದ್ದು ಕಾಫಿ ತಂದ.

ಮರುದಿನ ಮರಣ ಪ್ರಮಾಣಪತ್ರ ಹಿಡಿದು ಲಸಿಕಾ ಕೇಂದ್ರಕ್ಕೆ ಹೋದೆ. ಕಂಪ್ಯೂಟರ್ ಮುಂದಿದ್ದ ಹೆಣ್ಣುಮಗಳು ಅದನ್ನೂ ನನ್ನ ಫೋನಿನ ಮೆಸೇಜನ್ನೂ ನೋಡಿದಳು. ಬಾಕಿಯವರ ಪಟ್ಟಿ ಮುಗಿಸುವ ಅವಸರದಲ್ಲಿ ಆಗಿರುತ್ತದೆ ಎಂದಳು. ದನಿಯಲ್ಲಿ ಉಡಾಫೆ ಇರಲಿಲ್ಲ, ದಣಿವಿತ್ತು.

“ಬಿಡಿ ಸಾರ್, ಈಗ ಇದ್ರಿಂದ ಅವ್ರಿಗೇನೂ ತೊಂದ್ರೆ ಇಲ್ವಲ್ಲ?”

“ಇದೆ. ಹಾಕಿಲ್ಲ, ಬಾಕಿ ಇದೆ ಅಂತ ಬದಲಾಯಿಸಿ.”

ಅವಳು ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತಿ ನೋಡಿದಳು. ಬಹಳ ಹೊತ್ತೇ ಹುಡುಕಿದಳು. ಆಮೇಲೆ ಕೈ ತೆಗೆದಳು.

“ಕ್ಷಮಿಸಿ ಸಾರ್. ತೀರಿಕೊಂಡಿದ್ದಾರೆ ಅಂತ ಬೇಕಾದ್ರೆ ಹಾಕ್ಬಹುದು. ತೀರಿಕೊಂಡವರಿಗೆ ಬಾಕಿ ಅಂತ ತೋರ್ಸೋಕೆ ಇದ್ರಲ್ಲಿ ಜಾಗ ಇಲ್ಲ.”