ಕಂಬಿ ಸಂದಿಯ ಅವಲಕ್ಕಿ

ಹೋಳಿಗೆಗೆ ಕಣಕ ನಾದುವಾಗಲೆಲ್ಲ ನನ್ನ ಬಲಗೈ ತೋರುಬೆರಳಿನ ಎರಡು ಸಣ್ಣ ಗುಳಿಗಳಲ್ಲಿ ಅರಿಶಿನ ಕೂತುಬಿಡುತ್ತದೆ. ಎಷ್ಟು ತೊಳೆದರೂ ಎರಡು ದಿನ ಹೋಗುವುದಿಲ್ಲ. ಇಲಿ ಕಚ್ಚಿದ ಗುರುತು ಅದು. ಏಳು ವರ್ಷವಾಯಿತು. ಗಾಯ ಯಾವಾಗಲೋ ಮಾಯ್ದಿದೆ. ಸಿಟ್ಟು ಮಾತ್ರ ಹಾಗೇ ಇದೆ, ಬರೀ ಜಾಗ ಬದಲಾಯಿಸಿದೆ. ಹೇಳುತ್ತೇನೆ, ಕೇಳಿ.

ಆಗ ನಾವು ಹ್ಯಾಮಿಲ್ಟನ್ನಿಗೆ ಬಂದ ಹೊಸತು. ಮಗಳು ಅನಘಳಿಗೆ ಒಂಬತ್ತು. ಯಾವುದೋ ವಿಡಿಯೊ ನೋಡಿ ಫೆರೆಟ್ ಬೇಕೆಂದು ಹಟ ಹಿಡಿದಳು. ನಮ್ಮ ಮುಂಗುಸಿಗೆ ಉಣ್ಣೆ ಕೋಟು ತೊಡಿಸಿದರೆ ಹೇಗಿರುತ್ತದೋ ಅಂಥ ಪ್ರಾಣಿ. ಅಂಗಡಿಯವನು ನಕ್ಕ. ಅದು ಈ ದೇಶದ ಕೀವಿಯಂಥ ಹಾರಲಾರದ ಹಕ್ಕಿಗಳನ್ನು ತಿಂದು ಮುಗಿಸುತ್ತದಂತೆ, ಮಾರುವ ಹಾಗೂ ಇಲ್ಲ, ಸಾಕುವ ಹಾಗೂ ಇಲ್ಲ. ದೇವರು ದೊಡ್ಡವನು ಅಂದುಕೊಂಡು ಹೊರಡುವಷ್ಟರಲ್ಲಿ ಅವನು ಒಂದು ಬೂದು ಇಲಿಮರಿಯನ್ನು ತಂದು ತೋರಿಸಬೇಕೆ!

"ಅಮ್ಮಾ, ಇಟ್ಸ್ ಗಣೇಶಾಸ್ ರೈಡ್!" ಎಂದಳು ಮಗಳು. ವಾಹನ ಎನ್ನುವ ಮಾತು ಅವಳಿಗೆ ಬರುತ್ತಿರಲಿಲ್ಲ. ಸಂಕಷ್ಟಿ ಮಾಡುವ ಹೆಂಗಸು ನಾನು, ಇನ್ನೇನು ಹೇಳಲಿ? ಇಲಿ ಮನೆಗೆ ಬಂತು. ಅವಳು ಬಿಸ್ಕಟ್ ಎಂದು ಹೆಸರಿಟ್ಟಳು. ನಾನು ಮೂಷಿಕಪ್ಪ ಎನ್ನುತ್ತಿದ್ದೆ.

ಮೊದಲೆರಡು ವಾರ ಮೂಷಿಕಪ್ಪ ಸಾಧುವಾಗಿದ್ದ. ಬೆಳಿಗ್ಗೆ ಸ್ನಾನ ಮಾಡಿ ಪೂಜೆ, ಅಡುಗೆ ಮುಗಿಯುವ ತನಕ ನನಗೆ ಮಡಿ, ಏನನ್ನೂ ಮುಟ್ಟುವುದಿಲ್ಲ. ಆದರೆ ಗಣಪತಿಗೆ ನೈವೇದ್ಯವಾದ ಮೇಲೆ ವಾಹನಕ್ಕೆ ಪಾಲು ಬೇಡವೇ? ಬೆಲ್ಲ, ತುಪ್ಪ ಕಲೆಸಿದ ಅವಲಕ್ಕಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಪಂಜರಕ್ಕೆ ತಾಗದ ಹಾಗೆ, ಇಲಿಗೂ ತಾಗದ ಹಾಗೆ, ಕಂಬಿ ಸಂದಿಯಲ್ಲಿ ತೂರಿಸುತ್ತಿದ್ದೆ. ಅದು ಓಡಿ ಬಂದು ಕಚ್ಚಿಕೊಂಡು ಹೋಗುತ್ತಿತ್ತು. ನನಗೋ ಧನ್ಯತೆ!

ಮೂರನೆಯ ವಾರ ಅನಘ ಅದನ್ನು ಎತ್ತಲು ಕೈ ಹಾಕಿದಾಗ ಅವಳ ಹೆಬ್ಬೆರಳು ಕಚ್ಚಿತು. ರಕ್ತ ಬಂತು, ಹೊಲಿಗೆ ಬೀಳಲಿಲ್ಲ, ಸದ್ಯ. ಮರುದಿನ ಮತ್ತೆ ಕಚ್ಚಿತು.

"ನೀನೇ ಏನೋ ಮಾಡಿರ್ತೀಯ. ಬಾಲ ಎಳೆದಿರ್ತೀಯ."

"ಐ ಡಿಡಂಟ್, ಅಮ್ಮಾ!"

"ಸುಮ್ನೆ ಕಚ್ಚಕ್ಕೆ ಅದಕ್ಕೇನು ಹುಚ್ಚಾ?"

ಹಾಲಿನ ಪುಡಿ ಕಾರ್ಖಾನೆಯ ಇಂಜಿನಿಯರಾದ ನಮ್ಮ ಯಜಮಾನರು ಯಂತ್ರ ಕೆಟ್ಟ ಹಾಗೆಯೇ ಇದನ್ನೂ ನೋಡಿದರು. "ಎರಡು ವಾರ ಟೈಮು. ಆಮೇಲೂ ಕಚ್ಚಿದ್ರೆ ವೆಟ್ ಡಾಕ್ಟರ್ ಹತ್ರ ತಗೊಂಡೋಗಿ ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಡೋಣ." ಕಚ್ಚುವ ಇಲಿಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಲಗಿಸುವುದೆಂದರೆ ಏನೆಂದು ಒಂಬತ್ತರ ಹುಡುಗಿಗೆ ಚೆನ್ನಾಗಿ ಗೊತ್ತಿತ್ತು. ಊಟ ಬಿಟ್ಟು ಎದ್ದು ಹೋದಳು.

ಶನಿವಾರದ ಭಜನೆಯಲ್ಲಿ ನನ್ನ ಸಂಕಟ ಹೇಳಿಕೊಂಡೆ. ಹೇಳಬಾರದಿತ್ತು. ಮೈಸೂರಿನಲ್ಲಿ ಮೂರು ನಾಯಿ ಸಾಕಿದ್ದೆನೆಂದು ಎಲ್ಲರಿಗೂ ಹೇಳುವ ಹಿರಿಯರೊಬ್ಬರಿದ್ದರು, ರಾಯರು ಅಂತ ಇಟ್ಟುಕೊಳ್ಳಿ. "ಮೂತಿಗೆ ಪಟ್ ಅಂತ ಒಂದು ಕೊಡಮ್ಮಾ. ಎರಡು ಸಲ ಬಿದ್ರೆ ತಾನೇ ಬುದ್ಧಿ ಬರುತ್ತೆ. ನಮ್ಮನ್ನೆಲ್ಲಾ ಹೀಗೇ ಅಲ್ವೇ ಬೆಳೆಸಿದ್ದು?" ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ ಎನ್ನುವುದೇ ಈಗ ಉರಿಯುವ ಸಂಗತಿ.

ಮನೆಗೆ ಬಂದು ಮೂತಿಗೆ ಹೊಡೆದೆ. ಹೌದು, ಅಂಗೈಯಗಲದ ಜೀವವನ್ನು. ಅದು ಕೀಚ್ ಎಂದು ಮೂಲೆಯ ರಟ್ಟಿನ ಕೊಳವೆಗೆ ಹೊಕ್ಕಿತು. ಮೂರು ದಿನ ಹೀಗೇ ಮಾಡಿದೆ. ನಾಲ್ಕನೆಯ ದಿನ ಅದು ನನ್ನ ತೋರುಬೆರಳನ್ನು ಹಿಡಿದುಕೊಂಡಿತು, ಬಿಡಲೇ ಇಲ್ಲ. ನೋವಿಗಿಂತ ರಾಯರ ಮೇಲೆ ಬಂದ ಕೋಪ ದೊಡ್ಡದು. ಭಗವಂತನ ನಾಮ ಹೇಳುವ ಬಾಯಲ್ಲಿ ಅವರಿಗೆ ಏನೇನು ಅಂದೆನೋ, ಅವನೇ ಕ್ಷಮಿಸಬೇಕು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಮನೆಯ ಜಾಯ್ಸ್ ಬೇಲಿಯಾಚೆಯಿಂದ ಏನಾಯಿತೆಂದು ಕೇಳಿದರು. ಎಪ್ಪತ್ತು ದಾಟಿದ ಹೆಂಗಸು, ಹಕ್ಕಿಗಳನ್ನು ಉಳಿಸಲೆಂದು ಹಿತ್ತಿಲ ತುಂಬ ಇಲಿಬೋನು ಇಟ್ಟವರು. ಇವರಿಗೇನು ಹೇಳುವುದು ಎಂದುಕೊಳ್ಳುತ್ತಲೇ ಎಲ್ಲ ಹೇಳಿದೆ. ಅವರ ಅಪ್ಪ ಹಿಂದೆ, ಈ ಕಾನೂನುಗಳೆಲ್ಲ ಬರುವ ಮುಂಚೆ, ಮೊಲ ಹಿಡಿಯಲು ಫೆರೆಟ್ ಸಾಕಿದ್ದರಂತೆ. ಕಚ್ಚದಂತೆ ಪಳಗಿಸುವುದು ಇವರ ಕೆಲಸವಂತೆ. ಒಳಗೆ ಬಂದು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೆರಳನ್ನು ಕಂಬಿಯ ಹತ್ತಿರ ತಂದರು. ಇಲಿ ಬಾಯಿ ತೆರೆದು ಹಾರಿ ಬಂತು.

"ಕಂಬಿಯ ಸಂದಿಯಲ್ಲಿ ಇದಕ್ಕೆ ತಿನ್ನಲು ಕೊಡುವವರು ಯಾರು?" ಎಂದು ಕೇಳಿದರು.

ನನ್ನ ಬೆರಳಲ್ಲಿ ಆಗಲೂ ತುಪ್ಪದ ವಾಸನೆ ಇತ್ತು.

ಸಂದಿಯಿಂದ ಬರುವ ಬೆರಳೆಲ್ಲ ತಿಂಡಿ ಎಂದು ದಿನಾ ಪಾಠ ಹೇಳಿಕೊಟ್ಟು, ಹಾಗೆ ಕಲಿತದ್ದಕ್ಕೆ ಮೂತಿಗೆ ಹೊಡೆದವಳು ನಾನು. ಜಾಯ್ಸ್ ಬೈಯಲಿಲ್ಲ, ಮಾಡಬೇಕಾದ್ದನ್ನು ಹೇಳಿದರು. ಸಂದಿಯ ತಿಂಡಿ ಬಂದ್. ಬಾಗಿಲು ತೆರೆದು ಚಮಚದಲ್ಲಿ ಕೊಡು. ಕೈಯನ್ನು ಸೋಪು ಹಾಕಿ ತೊಳೆ. ಬೆರಳು ಚಾಚಬೇಡ, ಮುಷ್ಟಿ ಕಟ್ಟಿ ಕೈಯ ಹಿಂಬದಿಯನ್ನು ಮೂಸಲು ಕೊಡು. ಮೇಲಿನಿಂದ ಹದ್ದಿನ ಹಾಗೆ ಎರಗದೆ ಹೊಟ್ಟೆಯ ಕೆಳಗಿನಿಂದ ಎತ್ತು. ಹಲ್ಲು ತಾಗಿಸಿದರೆ ಹೊಡೆಯಬೇಡ, ಕೈ ಎಳೆಯಬೇಡ, ಅಯ್ಯೋ ಎನ್ನು, ಸಾಕು.

ಮಡಿಯ ತೊಡಕು ಒಂದು ನಿಮಿಷದಲ್ಲಿ ಬಗೆಹರಿಯಿತು. ಮೊದಲು ಇಲಿ, ಆಮೇಲೆ ಸ್ನಾನ. ಇಷ್ಟು ಹೊಳೆಯದ ನನ್ನ ತಲೆಗೆ ಏನೆನ್ನಬೇಕು! ದಿನಾ ಬೆಳಿಗ್ಗೆ ನಾನೂ ಅನಘಳೂ ಪಂಜರದ ಮುಂದೆ ಮುಷ್ಟಿ ಕಟ್ಟಿಕೊಂಡು ಕೂರುತ್ತಿದ್ದೆವು. ಹತ್ತನೆಯ ದಿನ ಮೂಷಿಕಪ್ಪ ನನ್ನ ಮುಷ್ಟಿಯ ಮೇಲೆ ಹತ್ತಿ ಕೂತು ಮೀಸೆ ತೊಳೆದುಕೊಂಡ.

ಗಡುವಿನ ದಿನ ಅನಘ ಇಲಿಯನ್ನು ಹೆಗಲ ಮೇಲಿಟ್ಟುಕೊಂಡು ಅಪ್ಪನ ಮುಂದೆ ನಿಂತಳು. ಇವರು ನಕ್ಕುಬಿಟ್ಟರು. "ಪರವಾಗಿಲ್ವೇ! ಏನಾಗಿತ್ತಂತೆ ಇದಕ್ಕೆ?"

ಆಗ ನನ್ನ ಬಾಯಿಂದ ಬಂದದ್ದು ಇದು: "ಏನಿಲ್ಲ ರೀ, ಇವಳು ಬಾಲ ಎಳೆಯೋದು ಬಿಟ್ಟಳು."

ಯಾಕೆ ಹಾಗೆಂದೆ? ದೇವರ ನೈವೇದ್ಯದಿಂದ ಇದಾಯಿತು ಎಂದರೆ ಇವರು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆಂದು. ಅಷ್ಟಕ್ಕೆ. ಮಗಳು ನನ್ನ ಮುಖ ನೋಡಿದಳು, ಇಲಿಯನ್ನು ಹೆಗಲಿಂದ ಇಳಿಸಿ ಪಂಜರಕ್ಕೆ ಬಿಟ್ಟಳು. ಆಮೇಲೆ ಮನೆಗೆ ಬಂದವರಿಗೆಲ್ಲ ಇವರು ಅದೇ ಕತೆ ಹೇಳಿದರು, ಬಾಲ ಎಳೆದು ಕಚ್ಚಿಸಿಕೊಂಡ ಮಗಳ ಕತೆ. ಇಲಿ ಇನ್ನೂ ಎರಡು ವರ್ಷ ಬದುಕಿ ಸುಖವಾಗಿ ಹೋಯಿತು. ಕತೆ ಹೋಗಲಿಲ್ಲ.

ಇವತ್ತು ಹೋಳಿಗೆ ಮಾಡುತ್ತಿದ್ದಾಗ ಹದಿನಾರರ ಅನಘ ನನ್ನ ಬೆರಳಿನ ಹಳದಿ ಚುಕ್ಕೆ ನೋಡಿ, "ಪುವರ್ ಬಿಸ್ಕಟ್. ಐ ವಾಸ್ ಹಾರಿಬಲ್ ಟು ಹಿಮ್, ಅಲ್ವಾ ಅಮ್ಮಾ?" ಎಂದಳು.

ನನ್ನ ಕೈ ನಿಂತಿತು. ಮಾಡದ ತಪ್ಪನ್ನು ಅವಳು ನಂಬಿಬಿಟ್ಟಿದ್ದಾಳೆ. ರಾಯರ ಮೇಲೆ ಏಳು ವರ್ಷ ಕಾಪಾಡಿಕೊಂಡು ಬಂದ ಕೋಪವೆಲ್ಲ ಒಂದೇ ಏಟಿಗೆ ನನ್ನ ಮೇಲೆ ತಿರುಗಿತು. ಅವಲಕ್ಕಿಯಿಂದ ಹಿಡಿದು ಎಲ್ಲ ಹೇಳಿದೆ, ಒಂದನ್ನೂ ಬಿಡದೆ.

ಅವಳ ಮುಖ ಕೆಂಪಾಯಿತು. "ಯು ಲೆಟ್ ಮಿ ಥಿಂಕ್ ದಟ್? ಆಲ್ ದಿಸ್ ಟೈಮ್?"

"ತಪ್ಪಾಯ್ತು ಕಣೇ."

"ನಂಗೆ ಹೇಳಿದ್ರೆ ಸಾಲ್ದು. ಅಪ್ಪಂಗೆ ಹೇಳು. ಇವತ್ತೇ, ನನ್ನ ಮುಂದೆ."

ಅವಳು ಊಟದ ಮೇಜಿನ ಹತ್ತಿರ ಕೈಕಟ್ಟಿ ಕೂತಿದ್ದಾಳೆ. ಹೊರಗೆ ಇವರ ಕಾರಿಗೆ ಗ್ಯಾರೇಜಿನ ಬಾಗಿಲು ಏಳುವ ಸದ್ದು. ಒಲೆ ಆರಿಸಿ, ಕೈ ತೊಳೆದುಕೊಂಡು, ಅವಳ ಪಕ್ಕದ ಕುರ್ಚಿ ಎಳೆದುಕೊಂಡೆ.