ಲಾಕ್ ತೆಗೆದವರು ಯಾರು?

ನಂಬದಿದ್ದರೆ ಬಿಡಿ, ನನಗೇನೂ ಬೇಸರವಿಲ್ಲ. ಇಂಥ ಕಥೆ ಕೇಳಿ ನಾನೂ ನಗುತ್ತಿದ್ದವಳೇ. ಆದರೆ ಇದು ನನಗೇ ಆದದ್ದು... ನಾವಿರುವ ಈ ಕೊಲ್ಲಿ ನಾಡಿನ ಹೂರಾದಲ್ಲಿ, ಜನ ಓಡಾಡುವ ಬೀದಿಯಲ್ಲಿ, ರಾತ್ರಿ ಎಂಟು ಗಂಟೆಗೆ.

ಗಂಡನಿಗೆ ಸೇತುವೆಯಾಚೆ ಸಿತ್ರಾದ ಕಾರ್ಖಾನೆಯಲ್ಲಿ ಕೆಲಸ. ಅವತ್ತು ಕಂಪನಿ ಬಸ್ಸು ಕೆಟ್ಟಿತ್ತು, ಕರೆತರಲು ನಾನೇ ಹೊರಟೆ. ಹಿಂದೆ ಮಕ್ಕಳ ಸೀಟಿನಲ್ಲಿ ಮೂರು ವರ್ಷದ ಮಗಳು ಪೂರ್ವಿಗೆ ಗಾಢ ನಿದ್ದೆ. ನಮ್ಮ ಹಳೆಯ ಕಾರು ನಾಲ್ಕು ಮಾರು ಓಡಿದರೆ ಸಾಕು, ಬಾಗಿಲುಗಳೆಲ್ಲ ಟಕ್ ಎಂದು ತಾವೇ ಲಾಕ್ ಆಗುತ್ತಿದ್ದವು. ಒಬ್ಬಳೇ ಗಾಡಿ ಓಡಿಸುವ ಹೆಂಗಸಿಗೆ ಆ ಸದ್ದೇ ಧೈರ್ಯ.

ಹಾಲಿಗೆಂದು ಕೋಲ್ಡ್ ಸ್ಟೋರ್ ಎನ್ನುವ ಇಲ್ಲಿನ ದಿನಸಿ ಅಂಗಡಿಯ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಅಂಗಡಿಯವರೇ ಗಾಡಿಯ ಹತ್ತಿರ ಬರುವುದು ಇಲ್ಲಿನ ವಾಡಿಕೆ. ಅವತ್ತು ಬರಲಿಲ್ಲ. ಎರಡು ಸಲ, ಮೂರು ಸಲ... ನನಗೆ ಮೊದಲೇ ತಾಳ್ಮೆ ಕಡಿಮೆ. ಮಗುವಿಗೆ ಸೆಕೆಯಾಗಬಾರದೆಂದು ಎಂಜಿನ್, ಏಸಿ ಹಾಗೇ ಬಿಟ್ಟು ಇಳಿದೆ. ಈ ಊರಿನಲ್ಲಿ ಎಲ್ಲರೂ ಮಾಡುವ ತಪ್ಪು.

ಬಾಗಿಲು ಮುಚ್ಚಿದ್ದೇ ತಡ... ಟಕ್.

ಕೀ ಒಳಗೆ. ಫೋನ್ ಒಳಗೆ. ನೋಡುತ್ತಿದ್ದಂತೆ ಎಂಜಿನ್ ಕೂಡ ಒಮ್ಮೆ ಕೆಮ್ಮಿ ನಿಂತಿತು. ಆಗಸ್ಟಿನ ಸೆಕೆಯಲ್ಲಿ ಮುಚ್ಚಿದ ಕಾರು!

ಕಿರುಚಿದೆ. ಅಂಗಡಿಯ ಇಸ್ಮಾಯಿಲಣ್ಣ, ಬಂಟ್ವಾಳದ ಕಡೆಯವರು, ಓಡಿ ಬಂದರು.

“ಎಂತ ಆಯ್ತು ಅಕ್ಕಾ?”

“ಲಾಕ್ ಬಿತ್ತು... ಮಗು ಒಳಗುಂಟು!”

“ಇನ್ನೊಂದು ಕೀ?”

“ಇವರ ಹತ್ರ ಉಂಟು, ಸಿತ್ರಾದಲ್ಲಿ.”

“ಅಷ್ಟೊತ್ತು ಕಾಯ್ಲಿಕ್ಕೆ ಆಗುದಿಲ್ಲ. ಗ್ಲಾಸ್ ಒಡಿಯುವ.”

ಶಟರ್ ಎಳೆಯುವ ಕಬ್ಬಿಣದ ಕೋಲು ತಂದರು. ಗಾಜಿನಾಚೆ ಪೂರ್ವಿಯ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಅವರು ಕೋಲು ಎತ್ತಿದರು...

ಟಕ್.

ನಾಲ್ಕೂ ಲಾಕ್ ಒಟ್ಟಿಗೆ ತೆರೆದವು.

ಮಗಳು ಬೆಲ್ಟಿನೊಳಗೇ ಇದ್ದಳು, ಕಣ್ಣು ಸಹ ಬಿಟ್ಟಿರಲಿಲ್ಲ. ಕಾರಿನೊಳಗೆ ಒದ್ದೆ ಮರಳಿನ ವಾಸನೆ.

“ನಾನು ಮುಟ್ಟಲೇ ಇಲ್ಲ ಅಕ್ಕಾ...” ಇಸ್ಮಾಯಿಲಣ್ಣನ ದನಿ ಇಳಿದಿತ್ತು.

ಕೀ ತಿರುಗಿಸಿದರೆ ಎಂಜಿನ್ ಏನೂ ಆಗದ ಹಾಗೆ ಶುರುವಾಯಿತು. ಸಿತ್ರಾ ಸೇತುವೆ ದಾಟಿದ ಮೇಲೆ ಟಿಣ್... ಟಿಣ್... ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲವೆಂಬ ಎಚ್ಚರಿಕೆ. ಯಾರಾದರೂ ಕೂತರೆ ಮಾತ್ರ ಅದು ಹೊಡೆದುಕೊಳ್ಳುವುದು. ಸೀಟು ಖಾಲಿ. ಬ್ಯಾಗು ನನ್ನ ಮಡಿಲಲ್ಲಿತ್ತು.

ಗಾಡಿ ನಿಲ್ಲಿಸಿದೆ. ಮಗಳನ್ನೆತ್ತಿಕೊಂಡು ಇಳಿದುಬಿಡಲೇ ಅನ್ನಿಸಿತು. ಆದರೂ ಮಗಳನ್ನು ಉಳಿಸಿಕೊಟ್ಟವರಿಗೆ ಇಳಿಯಿರಿ ಎನ್ನುವುದು ಹೇಗೆ? ಕೈ ಚಾಚಿ ಬೆಲ್ಟ್ ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು.

ಬೆಲ್ಟ್ ಸೀಟಿಗೆ ತಾಗಲಿಲ್ಲ... ಗೇಣುದ್ದ ಮುಂದೆಯೇ ನಿಂತಿತ್ತು.

ಕಾರ್ಖಾನೆಯ ಗೇಟಿನಲ್ಲಿ ಗಂಡ ಮುಂದಿನ ಬಾಗಿಲಿಗೆ ಕೈ ಹಾಕಿದರು.

“ಅಲ್ಲಿ ಬೇಡ, ಹಿಂದೆ ಕೂತ್ಕೊಳ್ಳಿ,” ಎಂದೆ.

“ಯಾಕೆ? ಮುಂದೆ ಎಂತ ಉಂಟು?”

ನಾನೇ ಕೈ ಚಾಚಿ ಹಿಂದಿನ ಬಾಗಿಲು ತೆರೆದೆ. ಅವತ್ತು ಲಾಕ್ ತೆಗೆದವರಿಗೆ ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ. ಆದರೆ ಲಾಕ್ ಹಾಕಿದವರೂ ಅವರೇ ಆಗಿದ್ದರೆ... ಎಂಬ ಯೋಚನೆ ಬಂದ ದಿನ ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಂಡರೂ ನಿದ್ದೆ ಹತ್ತುವುದಿಲ್ಲ.